ಎಲ್ಲಿ ಒರೆಸಬೇಕು, ಎಲ್ಲಿ ಬಿಡಬೇಕು

ಕರಾವಳಿಯ ಯಕ್ಷಗಾನ ಬಯಲಾಟದಲ್ಲಿ ನಡುರಾತ್ರಿ ಕಳೆದ ಮೇಲೆ ಬಣ್ಣದ ವೇಷ ರಂಗಸ್ಥಳಕ್ಕೆ ಬರುತ್ತದೆ. ತೆಂಕುತಿಟ್ಟಿನ ರಾಕ್ಷಸನ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಒಂದೊಂದಾಗಿ ಇಟ್ಟ ಚುಟ್ಟಿಯ ಬಿಳಿ ಮುಳ್ಳುಗಳಿರುತ್ತವೆ. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಕಲಾವಿದರು ಆ ಮುಖವನ್ನು ಬರೆದುಕೊಂಡಿರುತ್ತಾರೆ. ಅದನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೊರಟವರಿಗೆ ಮಾತ್ರ ಬೆಳಕು ಸಾಲುವುದಿಲ್ಲ. ವೇಷ ಗಿರಕಿ ಹೊಡೆಯುವಾಗ ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನವಾದರೆ ಚಿತ್ರ ಅಲುಗಿಹೋಗುತ್ತದೆ. ಲೆನ್ಸನ್ನು ಎಫ್ 2.8ಕ್ಕೆ ತೆರೆದರೂ ಐಎಸ್‌ಒ 3200ಕ್ಕೋ 6400ಕ್ಕೋ ಏರಿಸಲೇಬೇಕಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಚಿತ್ರದ ತುಂಬ ಕಾಳು ಕಾಳಾದ ಚುಕ್ಕಿಗಳು. ಕಪ್ಪಾಗಿರಬೇಕಾದ ಆಕಾಶದಲ್ಲಿ ಕೆಂಪು, ಹಸಿರು, ನೇರಳೆಯ ಕಲೆಗಳು. ಛಾಯಾಗ್ರಾಹಕರು ನಾಯ್ಸ್ ಎಂದು ಕರೆಯುವುದು ಇದನ್ನೇ.

ಇದನ್ನು ತೆಗೆಯಲು ಹೆಚ್ಚಿನ ಎಡಿಟಿಂಗ್ ತಂತ್ರಾಂಶಗಳಲ್ಲಿ ಒಂದು ಸ್ಲೈಡರ್ ಇದೆ. ಅದನ್ನು ಬಲಕ್ಕೆ ಎಳೆದರೆ ಆಕಾಶ ಶುಭ್ರವಾಗುತ್ತದೆ. ಅದೇ ಎಳೆತಕ್ಕೆ ಚುಟ್ಟಿಯ ಮುಳ್ಳುಗಳು ಒಂದಕ್ಕೊಂದು ಅಂಟಿ ಬಿಳಿಯ ಪಟ್ಟೆಯಾಗುತ್ತವೆ, ಕಿರೀಟದ ಮಣಿಗಳ ಅಂಚು ಕರಗುತ್ತದೆ, ಬೆವರಿನ ಹನಿ ಕಾಣೆಯಾಗುತ್ತದೆ. ಇಂಥ ಚಿತ್ರಗಳು ನಾಳೆ ವೇಷ ಕಟ್ಟಲು ಕಲಿಯುವವರಿಗೆ ದಾಖಲೆಯಾಗಬೇಕಾದವು. ಮುಖದ ಮೇಲೆ ಚುಟ್ಟಿಯ ಸಾಲು ಎಷ್ಟಿತ್ತು, ಯಾವ ಗೆರೆಯ ಪಕ್ಕ ಯಾವ ಬಣ್ಣವಿತ್ತು ಎಂದು ಅವರು ನೋಡುವುದು ಇವುಗಳಲ್ಲೇ. ಹಾಗಾಗಿ ನಾಯ್ಸ್ ತೆಗೆಯುವುದನ್ನು ಇಡೀ ಚಿತ್ರಕ್ಕೆ ಒಂದೇ ಪ್ರಮಾಣದಲ್ಲಿ ಮಾಡಬಾರದು. ಜಾಗ ನೋಡಿ, ಆರಿಸಿ, ಬೇಕಾದಲ್ಲಿ ಮಾತ್ರ ಮಾಡಬೇಕು. ಯಾಕೆ ಎನ್ನುವುದು ಅರ್ಥವಾಗಬೇಕಾದರೆ ಈ ಚುಕ್ಕಿಗಳು ಎಲ್ಲಿಂದ ಬರುತ್ತವೆ ಎಂದು ಮೊದಲು ತಿಳಿಯಬೇಕು.

ಬೆಳಕಿನಲ್ಲೇ ಇರುವ ಏರುಪೇರು

ಹೆಚ್ಚಿನವರು ನಾಯ್ಸ್ ಎಂದರೆ ಕ್ಯಾಮೆರಾದ ದೋಷ ಎಂದುಕೊಂಡಿದ್ದಾರೆ. ಅದರ ದೊಡ್ಡ ಪಾಲು ಇರುವುದು ಬೆಳಕಿನ ಸ್ವಭಾವದಲ್ಲೇ. ಬೆಳಕು ಬಿಡಿ ಬಿಡಿ ಕಣಗಳಾಗಿ ವಸ್ತುವಿಗೆ ಶಕ್ತಿ ಕೊಡುತ್ತದೆ ಎಂದು ಆಲ್ಬರ್ಟ್ ಐನ್‌ಸ್ಟೈನ್ 1905ರಲ್ಲಿ ವಿವರಿಸಿದರು. ಆ ಕಣವನ್ನು ಇಂದು ಫೋಟಾನ್ ಎನ್ನುತ್ತೇವೆ. ಸೆನ್ಸರಿನ ಒಂದೊಂದು ಪಿಕ್ಸೆಲ್ ಮಾಡುವ ಕೆಲಸ ತನ್ನ ಮೇಲೆ ಬಿದ್ದ ಫೋಟಾನುಗಳನ್ನು ಎಣಿಸುವುದು. ಅವು ಸಾಲು ಹಿಡಿದು ಬರುವುದಿಲ್ಲ, ಮನಬಂದಂತೆ ಬೀಳುತ್ತವೆ. ಮುಂಗಾರಿನ ಮೊದಲ ಹನಿಗಳು ಅಂಗಳಕ್ಕೆ ಬಿದ್ದಾಗ ಒಂದು ಕಡೆ ನಾಲ್ಕು ಕಲೆ ಕಾಣುತ್ತದೆ, ಪಕ್ಕದಲ್ಲಿ ಒಂದೂ ಇರುವುದಿಲ್ಲ. ಅರ್ಧ ಗಂಟೆ ಜಡಿಮಳೆ ಹೊಡೆದರೆ ಅಂಗಳವೆಲ್ಲ ಒಂದೇ ಸಮ ಒದ್ದೆ. ಬೆಳಕು ಕಡಿಮೆಯಿದ್ದಾಗ ಅಕ್ಕಪಕ್ಕದ ಎರಡು ಪಿಕ್ಸೆಲ್‌ಗಳ ಲೆಕ್ಕ ತಾಳೆಯಾಗದಿರುವುದಕ್ಕೂ ಇದೇ ಕಾರಣ.

ಈ ಏರುಪೇರಿಗೆ ಒಂದು ಸರಳ ನಿಯಮವಿದೆ. ಸರಾಸರಿ ಎಷ್ಟು ಫೋಟಾನುಗಳು ಬೀಳುತ್ತವೆಯೋ ಅದರ ವರ್ಗಮೂಲದಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಬೆಳಗಿದ ಜಾಗದ ಒಂದು ಪಿಕ್ಸೆಲ್‌ಗೆ 10,000 ಫೋಟಾನು ಬಿದ್ದರೆ ಏರುಪೇರು 100, ಅಂದರೆ ಶೇಕಡಾ 1. ಅದು ಕಣ್ಣಿಗೆ ಕಾಣುವುದಿಲ್ಲ. ನೆರಳಿನ ಪಿಕ್ಸೆಲ್‌ಗೆ 100 ಬಿದ್ದರೆ ಏರುಪೇರು 10, ಅಂದರೆ ಶೇಕಡಾ 10. ಇನ್ನೂ ಕತ್ತಲಿರುವ ಮೂಲೆಯಲ್ಲಿ 25 ಬಿದ್ದರೆ ಏರುಪೇರು 5. ಐದರಲ್ಲಿ ಒಂದು ಪಾಲು ಸುಳ್ಳು ಲೆಕ್ಕ. ಒಂದೇ ಚಿತ್ರ, ಒಂದೇ ಐಎಸ್‌ಒ, ಒಂದೇ ಕ್ಷಣ. ಆದರೂ ಹಣೆಯ ಮೇಲೆ ಬಿದ್ದ ದೀಪದ ಬೆಳಕಿನಲ್ಲಿ ನಾಯ್ಸ್ ಕಾಣುವುದಿಲ್ಲ, ಗದ್ದದ ಕೆಳಗಿನ ನೆರಳಿನಲ್ಲಿ ತುಂಬಿಕೊಂಡಿದೆ. ರೋಗವೇ ಚಿತ್ರದ ಒಂದೊಂದು ಜಾಗದಲ್ಲಿ ಒಂದೊಂದು ಪ್ರಮಾಣದಲ್ಲಿರುವಾಗ ಮದ್ದನ್ನು ಎಲ್ಲ ಕಡೆಗೂ ಒಂದೇ ಅಳತೆಯಲ್ಲಿ ಕೊಡುವುದು ಹೇಗೆ?

ಇದಲ್ಲದೆ ಸೆನ್ಸರ್ ತನ್ನದೇ ಕೊಡುಗೆಯನ್ನೂ ಸೇರಿಸುತ್ತದೆ. ಎಣಿಸಿದ್ದನ್ನು ಓದಿ ಅಂಕಿಗಳಾಗಿ ಬದಲಾಯಿಸುವಾಗ ಸ್ವಲ್ಪ ವಿದ್ಯುತ್ ಏರುಪೇರು ಕೂಡಿಕೊಳ್ಳುತ್ತದೆ. ಇದು ಎಲ್ಲ ಪಿಕ್ಸೆಲ್‌ಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಬೆಳಕಿನ ಜಾಗದಲ್ಲಿ ಮುಚ್ಚಿಹೋಗಿ, ಕತ್ತಲಲ್ಲಿ ಎದ್ದು ಕಾಣುತ್ತದೆ. ಸೆನ್ಸರ್ ಬಿಸಿಯಾದಾಗ ಬೆಳಕೇ ಇಲ್ಲದೆಯೂ ಎಲೆಕ್ಟ್ರಾನುಗಳು ಹುಟ್ಟುತ್ತವೆ. ಸುಮಾರು 6ರಿಂದ 8 ಡಿಗ್ರಿ ಸೆಲ್ಸಿಯಸ್ ಏರಿದರೆ ಇವುಗಳ ಪ್ರಮಾಣ ಎರಡರಷ್ಟಾಗುತ್ತದೆ. ರಾತ್ರಿ ಆಕಾಶದ ಚಿತ್ರಕ್ಕೆ ಶಟರ್ ನಿಮಿಷಗಟ್ಟಲೆ ತೆರೆದಿಟ್ಟಾಗ ಅಲ್ಲಲ್ಲಿ ಉರಿಯುವಂತೆ ಕಾಣುವ ಕೆಂಪು, ನೀಲಿ ಚುಕ್ಕಿಗಳು ಇದರ ಫಲ.

ಐಎಸ್‌ಒ ಬಗ್ಗೆಯೂ ಒಂದು ಮಾತು ಹೇಳಬೇಕು. ಐಎಸ್‌ಒ ಏರಿಸಿದ್ದರಿಂದ ನಾಯ್ಸ್ ಬಂತು ಎನ್ನುವುದು ರೂಢಿಯ ಮಾತು. ಸೆನ್ಸರಿಗೆ ಬಿದ್ದ ಬೆಳಕು ಕಡಿಮೆಯಾದದ್ದೇ ನಿಜವಾದ ಕಾರಣ. ಐಎಸ್‌ಒ ಮಾಡುವುದು ಆ ಕೊರತೆಯನ್ನು ದೊಡ್ಡದು ಮಾಡಿ ತೋರಿಸುವ ಕೆಲಸ. ನಾಯ್ಸಿಗೆ ಹೆದರಿ ಐಎಸ್‌ಒ ಇಳಿಸಿ, ಚಿತ್ರವನ್ನು ಕಪ್ಪಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ಲಾಭವಿಲ್ಲ. ನೆರಳನ್ನು ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಎರಡರಷ್ಟು) ಮೇಲೆತ್ತಿದರೆ ಅಲ್ಲಿನ ಚಿತ್ರದ ಜೊತೆಗೆ ಅಲ್ಲಿನ ನಾಯ್ಸ್ ಕೂಡ ಎಂಟು ಪಟ್ಟು ಹಿಗ್ಗುತ್ತದೆ.

ಬಣ್ಣದ ಕಲೆಗಳ ಮೂಲ

ಸೆನ್ಸರಿಗೆ ಬಣ್ಣ ಗೊತ್ತಿಲ್ಲ, ಬೆಳಕಿನ ಪ್ರಮಾಣ ಮಾತ್ರ ಗೊತ್ತು. ಕೊಡಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ ಇದಕ್ಕೆ ಕಂಡುಕೊಂಡ ಉಪಾಯಕ್ಕೆ 1976ರಲ್ಲಿ ಪೇಟೆಂಟ್ ಸಿಕ್ಕಿತು. ಪಿಕ್ಸೆಲ್‌ಗಳ ಮೇಲೆ ಚಿಕ್ಕ ಚಿಕ್ಕ ಬಣ್ಣದ ಫಿಲ್ಟರುಗಳನ್ನು ಕೂರಿಸಲಾಗುತ್ತದೆ: ಅರ್ಧದಷ್ಟಕ್ಕೆ ಹಸಿರು, ಕಾಲು ಭಾಗಕ್ಕೆ ಕೆಂಪು, ಉಳಿದ ಕಾಲು ಭಾಗಕ್ಕೆ ನೀಲಿ. ಒಂದು ಪಿಕ್ಸೆಲ್‌ಗೆ ಒಂದೇ ಬಣ್ಣದ ಲೆಕ್ಕ ಸಿಗುತ್ತದೆ. ಉಳಿದ ಎರಡನ್ನು ಅಕ್ಕಪಕ್ಕದವುಗಳನ್ನು ನೋಡಿ ಅಂದಾಜು ಮಾಡಬೇಕು. ಅಂದಾಜು ಮಾಡುವಾಗ ಒಂದು ಪಿಕ್ಸೆಲಿನ ತಪ್ಪು ಲೆಕ್ಕ ಸುತ್ತಮುತ್ತಲಿಗೂ ಹರಡುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಕಾಣುವ ಬಣ್ಣದ ಕಲೆಗಳು ಸಣ್ಣ ಚುಕ್ಕಿಗಳಾಗಿರದೆ ದೊಡ್ಡ ಮಚ್ಚೆಗಳಾಗಿರುವುದು ಇದರಿಂದ.

ದೀಪದ ಬಣ್ಣವೂ ಇದರಲ್ಲಿ ಸೇರುತ್ತದೆ. ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿಯ ಅಂಶ ತೀರ ಕಡಿಮೆ. ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ನೀಲಿಯನ್ನು ಬಲವಂತವಾಗಿ ಹಿಗ್ಗಿಸುತ್ತದೆ. ಅದರೊಂದಿಗೆ ನೀಲಿಯ ನಾಯ್ಸ್ ಕೂಡ ಹಿಗ್ಗುತ್ತದೆ. ಇಂದಿನ ರಂಗಮಂಚಗಳಲ್ಲಿ ಕಡುಗೆಂಪು ಎಲ್‌ಇಡಿ ದೀಪ ಹಾಕಿದಾಗಲಂತೂ ಕೆಂಪು ಪಿಕ್ಸೆಲ್‌ಗಳು ತುಂಬಿ ತುಳುಕುತ್ತಿದ್ದರೆ, ಸೆನ್ಸರಿನ ಮುಕ್ಕಾಲು ಪಾಲಿಗೆ ಬೆಳಕೇ ಇರುವುದಿಲ್ಲ.

ಹೀಗೆ ನಾಯ್ಸ್ ಎರಡು ಬಗೆಯಾಯಿತು: ಬೆಳಕಿನ ಪ್ರಮಾಣ ಏರುಪೇರಾಗಿ ಕಾಣುವ ಕಾಳು ಒಂದು, ಬಣ್ಣ ಏರುಪೇರಾಗಿ ಕಾಣುವ ಮಚ್ಚೆ ಇನ್ನೊಂದು. ಇವೆರಡನ್ನೂ ಒಂದೇ ರೀತಿ ನೋಡಬಾರದು. ನಮ್ಮ ಕಣ್ಣು ಬೆಳಕು ನೆರಳಿನ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವುದಿಲ್ಲ. ಜೆಪೆಗ್ ಫೈಲುಗಳು ಬಣ್ಣದ ವಿವರವನ್ನು ಕಡಿಮೆ ಮಾಡಿ ಜಾಗ ಉಳಿಸುವುದು ಇದೇ ಧೈರ್ಯದ ಮೇಲೆ. ಆದ್ದರಿಂದ ಬಣ್ಣದ ಮಚ್ಚೆಯನ್ನು ಇಡೀ ಚಿತ್ರದಿಂದ ಸ್ವಲ್ಪ ಧಾರಾಳವಾಗಿಯೇ ತೆಗೆಯಬಹುದು. ನಷ್ಟ ಅಷ್ಟಾಗಿ ತಿಳಿಯುವುದಿಲ್ಲ. ಲೈಟ್‌ರೂಮ್ ತಂತ್ರಾಂಶ ರಾ ಫೈಲ್ (ಸೆನ್ಸರಿನ ಲೆಕ್ಕವನ್ನು ಸಂಸ್ಕರಿಸದೆ ಉಳಿಸಿದ ಫೈಲ್) ತೆರೆದ ಕೂಡಲೇ ಬಣ್ಣದ ನಾಯ್ಸಿನ ಸ್ಲೈಡರನ್ನು ತಾನಾಗಿಯೇ 25ಕ್ಕೆ ಇಡುತ್ತದೆ, ಕಾಳಿನ ಸ್ಲೈಡರನ್ನು ಸೊನ್ನೆಯಲ್ಲಿ ಬಿಡುತ್ತದೆ. ಕಾಳನ್ನು ಏನು ಮಾಡಬೇಕು ಎನ್ನುವ ತೀರ್ಮಾನವನ್ನು ಅದು ನಮಗೇ ಬಿಟ್ಟಿದೆ.

ಯಂತ್ರಕ್ಕೆ ತಿಳಿಯದ್ದು

ನಾಯ್ಸ್ ತೆಗೆಯುವ ಗಣಿತ ಬೆಳೆದು ಬಂದ ದಾರಿ ನೋಡಿದರೆ ತೊಡಕು ಎಲ್ಲಿದೆ ಎಂದು ಗೊತ್ತಾಗುತ್ತದೆ. ಎಲ್ಲಕ್ಕಿಂತ ಸರಳವಾದ ದಾರಿ ಪ್ರತಿ ಪಿಕ್ಸೆಲಿಗೂ ಅದರ ನೆರೆಯವುಗಳ ಸರಾಸರಿ ಕೊಡುವುದು. ಅದರಿಂದ ಕಾಳು ಹೋಗುತ್ತದೆ, ಅಂಚುಗಳೂ ಹೋಗುತ್ತವೆ. 1998ರಲ್ಲಿ ಟೊಮಾಸಿ ಮತ್ತು ಮಂಡುಚಿ ಎಂಬ ಸಂಶೋಧಕರು ಬೈಲ್ಯಾಟರಲ್ ಫಿಲ್ಟರ್ ಎಂಬ ವಿಧಾನವನ್ನು ವಿವರಿಸಿದರು. ಇದು ಹತ್ತಿರವಿರುವ, ಜೊತೆಗೆ ಹೊಳಪಿನಲ್ಲೂ ಹೋಲುವ ಪಿಕ್ಸೆಲ್‌ಗಳ ಸರಾಸರಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ. ಹಾಗಾಗಿ ಎದ್ದು ಕಾಣುವ ಅಂಚು ಉಳಿಯುತ್ತದೆ. 2005ರಲ್ಲಿ ಬುವಾಡೆಸ್, ಕೋಲ್, ಮೊರೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಚಿತ್ರದಲ್ಲಿ ಬೇರೆ ಎಲ್ಲಾದರೂ ಇಂಥದೇ ತುಣುಕು ಇದ್ದರೆ ಹುಡುಕಿ ಅವುಗಳ ಸರಾಸರಿ ತೆಗೆಯುವ ವಿಧಾನ ಕೊಟ್ಟರು. ಈಗಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಾಯ್ಸ್ ಇರುವ ಮತ್ತು ಇಲ್ಲದ ಚಿತ್ರಗಳ ಜೋಡಿಗಳನ್ನು ಭಾರೀ ಸಂಖ್ಯೆಯಲ್ಲಿ ನೋಡಿ ಕಲಿತಂಥವು. ಅಡೋಬಿ ಕಂಪನಿ 2023ರಲ್ಲಿ ಲೈಟ್‌ರೂಮಿಗೆ ಸೇರಿಸಿದ ಡಿನಾಯ್ಸ್ ಸೌಲಭ್ಯ ಈ ಜಾತಿಗೆ ಸೇರಿದ್ದು.

ಒಂದಕ್ಕಿಂತ ಒಂದು ಜಾಣ ವಿಧಾನ, ನಿಜ. ಆದರೂ ಎಲ್ಲವೂ ಎದುರಿಸುವ ಪ್ರಶ್ನೆ ಒಂದೇ: ಈ ಚಿಕ್ಕ ಏರುಪೇರು ನಾಯ್ಸೋ, ವಿವರವೋ? ರೇಷ್ಮೆ ಸೀರೆಯ ನೇಯ್ಗೆ, ಮುದುಕರ ಕೆನ್ನೆಯ ಸುಕ್ಕು, ಹಕ್ಕಿಯ ಎದೆಯ ಗರಿ, ಬೇಲೂರು ಹಳೇಬೀಡಿನ ಬಳಪದ ಕಲ್ಲಿನ ಮೇಲ್ಮೈ ಎಲ್ಲವೂ ಗಣಿತದ ಕಣ್ಣಿಗೆ ಸಣ್ಣ ಸಣ್ಣ ಏರುಪೇರುಗಳೇ. ನಾಯ್ಸ್ ಕೂಡ ಅದೇ ಗಾತ್ರದ ಏರುಪೇರು. ಎರಡನ್ನೂ ಬೇರ್ಪಡಿಸಬೇಕಾದರೆ ಅಲ್ಲಿ ಇದ್ದದ್ದು ಏನು ಎಂಬ ತಿಳಿವಳಿಕೆ ಬೇಕು. ಆ ತಿಳಿವಳಿಕೆ ಚಿತ್ರ ತೆಗೆದವರ ಬಳಿ ಇರುತ್ತದೆ. ಆಕಾಶದಲ್ಲಿ ವಿವರವಿರಲಿಲ್ಲ, ಮುಖದಲ್ಲಿತ್ತು ಎಂದು ಅವರಿಗೆ ಗೊತ್ತು. ಜಾಗ ಆರಿಸುವುದು ಎಂದರೆ ಈ ತಿಳಿವಳಿಕೆಯನ್ನು ಯಂತ್ರದ ಕೈಗೆ ಕೊಡುವುದು.

ಮೂರು ಪಾಲು ಮಾಡಿ ನೋಡಿ

ಎಡಿಟಿಂಗ್ ಶುರುಮಾಡುವ ಮೊದಲು ಚಿತ್ರವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಮೊದಲನೆಯದು ವಿವರವೇ ಇಲ್ಲದ ಜಾಗ: ಆಕಾಶ, ಕತ್ತಲು, ಫೋಕಸಿನಿಂದ ಆಚೆ ಉಳಿದು ಮಸುಕಾದ ಹಿನ್ನೆಲೆ. ಇಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಧಾರಾಳವಾಗಿ ಒರೆಸಬಹುದು. ಎರಡನೆಯದು ಮಧ್ಯಮ ಜಾಗ: ಚರ್ಮ, ನಯವಾದ ಬಟ್ಟೆ, ಸುಣ್ಣ ಬಳಿದ ಗೋಡೆ. ಇಲ್ಲಿ ಹಗುರಾಗಿ ಕೈಯಾಡಿಸಬೇಕು. ಮೂರನೆಯದು ನೋಡುವವರ ಕಣ್ಣು ನೇರವಾಗಿ ಹೋಗಿ ನಿಲ್ಲುವ ಜಾಗ: ಕಣ್ಣು, ರೆಪ್ಪೆ, ಮೀಸೆ, ಗರಿ, ಒಡವೆ, ಅಕ್ಷರ. ಇಲ್ಲಿ ಬಣ್ಣದ ಮಚ್ಚೆಯನ್ನು ತೆಗೆದರೆ ಸಾಕು, ಕಾಳನ್ನು ಮುಟ್ಟದಿರುವುದು ಕ್ಷೇಮ.

ಈ ವಿಭಜನೆಯನ್ನು ತಂತ್ರಾಂಶಕ್ಕೆ ತಿಳಿಸುವ ಸಾಧನ ಮಾಸ್ಕ್. ಫೋಟೊಶಾಪಿನಲ್ಲಿ ಮಾಡುವವರು ಚಿತ್ರದ ಲೇಯರನ್ನು ನಕಲು ಮಾಡಿ, ಮೇಲಿನ ನಕಲಿನಲ್ಲಿ ನಾಯ್ಸ್ ಪೂರ್ತಿ ತೆಗೆಯುತ್ತಾರೆ. ಆಮೇಲೆ ಅದಕ್ಕೆ ಕಪ್ಪು ಮಾಸ್ಕ್ ಹಾಕುತ್ತಾರೆ. ಆಗ ಶುಭ್ರಗೊಳಿಸಿದ ನಕಲು ಮರೆಯಾಗಿ ಕೆಳಗಿನ ಮೂಲ ಚಿತ್ರವೇ ಕಾಣುತ್ತದೆ. ಮೆತ್ತನೆಯ ಅಂಚಿನ ಬ್ರಷ್ ಹಿಡಿದು, ಬಿಳಿ ಬಣ್ಣ ಆರಿಸಿ, ಎಲ್ಲಿ ಬೇಕೋ ಅಲ್ಲಿ ಬಳಿಯುತ್ತ ಹೋದರೆ ಅಷ್ಟು ಜಾಗದಲ್ಲಿ ಮಾತ್ರ ಶುಭ್ರ ಚಿತ್ರ ಮೇಲೆ ಬರುತ್ತದೆ. ಬ್ರಷ್‌ನ ಬಲವನ್ನು ಶೇಕಡಾ 30 ಅಥವಾ 40ಕ್ಕೆ ಇಟ್ಟುಕೊಂಡರೆ ಮಧ್ಯಮ ಜಾಗಗಳಿಗೆ ಅಳತೆಯಿಟ್ಟು ಕೊಡಬಹುದು. ಹೆಚ್ಚಾಯಿತು ಅನ್ನಿಸಿದರೆ ಕಪ್ಪು ಬಣ್ಣದಿಂದ ಮತ್ತೆ ಬಳಿದರಾಯಿತು. ಮೂಲ ಚಿತ್ರಕ್ಕೆ ಏನೂ ಆಗಿರುವುದಿಲ್ಲ.

ದುಡ್ಡು ಕೊಡದೆ ಸಿಗುವ ಗಿಂಪ್ ತಂತ್ರಾಂಶದಲ್ಲೂ ಲೇಯರ್ ಮತ್ತು ಮಾಸ್ಕ್ ಬಳಸಿ ಇದೇ ಕೆಲಸ ಮಾಡಬಹುದು. ಡಾರ್ಕ್‌ಟೇಬಲ್ ಕೂಡ ಉಚಿತ. ಅದರಲ್ಲಿ ಬ್ರಷ್‌ನಿಂದ ಬರೆಯುವ ಮಾಸ್ಕಿನ ಜೊತೆಗೆ, ಇಂತಿಷ್ಟು ಹೊಳಪಿಗಿಂತ ಕೆಳಗಿನ ಜಾಗಕ್ಕೆ ಮಾತ್ರ ಎಂದು ಹೇಳಿ ಮಾಡುವ ಮಾಸ್ಕ್ ಇದೆ. ನಾಯ್ಸ್ ನೆರಳಿನಲ್ಲಿ ಹೆಚ್ಚು ಎಂದು ಮೇಲೆ ನೋಡಿದೆವಲ್ಲ, ಆ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತದೆ. ಲೈಟ್‌ರೂಮಿನಲ್ಲಿ 2012ರ ನಾಲ್ಕನೇ ಆವೃತ್ತಿಯಿಂದಲೇ ಬ್ರಷ್‌ಗೆ ನಾಯ್ಸ್ ಸ್ಲೈಡರ್ ಇದೆ. 2021ರಿಂದ ಆಕಾಶವನ್ನೋ ಮುಖ್ಯ ವಸ್ತುವನ್ನೋ ತಂತ್ರಾಂಶವೇ ಗುರುತಿಸಿ ಮಾಸ್ಕ್ ಮಾಡಿಕೊಡುತ್ತದೆ. ಅದು ಗುರುತಿಸಿದ ಅಂಚನ್ನು ದೊಡ್ಡದು ಮಾಡಿ ಒಮ್ಮೆ ನೋಡಿ, ತಪ್ಪಿದ್ದಲ್ಲಿ ಕೈಯಿಂದ ತಿದ್ದಬೇಕು. ಕೂದಲು, ಗರಿಯ ತುದಿಗಳಲ್ಲಿ ಅದು ಎಡವುವುದುಂಟು.

ಇನ್ನೊಂದು ಸಂಗತಿ. ಮುಖ ಕಪ್ಪಾಗಿದೆ ಎಂದು ಅಷ್ಟು ಜಾಗವನ್ನು ಮಾತ್ರ ಬೆಳಗಿಸಿದಾಗ ಅಲ್ಲಿ ಹೊಸದಾಗಿ ನಾಯ್ಸ್ ಎದ್ದು ಬರುತ್ತದೆ. ಅದನ್ನು ಕಂಡು ಇಡೀ ಚಿತ್ರದ ಸ್ಲೈಡರ್ ಎಳೆಯುವ ಅಗತ್ಯವಿಲ್ಲ. ಯಾವ ಮಾಸ್ಕಿನಲ್ಲಿ ಬೆಳಗಿಸಿದ್ದೀರೋ ಅದೇ ಮಾಸ್ಕಿನಲ್ಲಿ ಸ್ವಲ್ಪ ನಾಯ್ಸ್ ಇಳಿಸಿದರೆ ಮುಗಿಯಿತು. ಶಾರ್ಪ್ ಮಾಡುವುದಕ್ಕೂ ಇದೇ ಶಿಸ್ತು. ಶಾರ್ಪ್ ಮಾಡುವ ಗಣಿತ ಏರುಪೇರನ್ನು ಹಿಗ್ಗಿಸುತ್ತದೆ, ನಾಯ್ಸ್ ಅದರ ಮೊದಲ ತುತ್ತು. ವಿವರವಿರುವಲ್ಲಿ ಮಾತ್ರ ಶಾರ್ಪ್, ಖಾಲಿ ಇರುವಲ್ಲಿ ಮಾತ್ರ ಒರೆಸುವಿಕೆ ಎಂದಿಟ್ಟುಕೊಂಡರೆ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ.

ಎಡವುವ ಜಾಗಗಳು

ಆರಿಸಿ ಒರೆಸುವುದರಲ್ಲೂ ಅಪಾಯಗಳಿವೆ. ಹಕ್ಕಿಯ ಚಿತ್ರ ತೆಗೆಯುವವರು ಹೆಚ್ಚಾಗಿ ಎಡವುವುದು ಅಂಚಿನಲ್ಲಿ. ಹಕ್ಕಿಗೆ ತಾಗಬಾರದೆಂದು ಬ್ರಷ್ ಸ್ವಲ್ಪ ದೂರದಲ್ಲೇ ನಿಲ್ಲುತ್ತದೆ. ಆಗ ಹಕ್ಕಿಯ ಸುತ್ತ ಒಂದು ಬೆರಳು ಅಗಲದಷ್ಟು ಕಾಳು ಉಳಿದು, ಆಚೆಗೆ ನುಣುಪು ಆಕಾಶ. ನೋಡಿದ ಕೂಡಲೇ ಯಾರೋ ಕೈಯಾಡಿಸಿದ್ದಾರೆ ಎಂದು ತಿಳಿಯುತ್ತದೆ. ಗಟ್ಟಿ ಅಂಚು ಇರುವಲ್ಲಿ ಮಾಸ್ಕ್ ಕೂಡ ಗಟ್ಟಿಯಾಗಿ ಅಂಚಿನವರೆಗೂ ಬರಬೇಕು; ಕೂದಲು, ಹೊಗೆ, ಮಸುಕಾದ ಎಲೆ ಇರುವಲ್ಲಿ ಮಾಸ್ಕ್ ಮೆತ್ತಗಾಗಬೇಕು. ಒಂದೇ ಚಿತ್ರದಲ್ಲಿ ಬ್ರಷ್‌ನ ಅಂಚನ್ನು ಹಲವು ಸಲ ಬದಲಾಯಿಸಿಕೊಳ್ಳುವುದು ಸಹಜ.

ಇನ್ನೊಂದು ಅಪಾಯ ಹೊಂದಾಣಿಕೆ ತಪ್ಪುವುದು. ಹಿನ್ನೆಲೆ ಗಾಜಿನಷ್ಟು ನುಣುಪಾಗಿ, ಮುಂದಿನ ವ್ಯಕ್ತಿ ಮಾತ್ರ ಕಾಳು ಕಾಳಾಗಿ ಉಳಿದರೆ ಎರಡನ್ನೂ ಬೇರೆ ಬೇರೆ ಕಡೆಯಿಂದ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಹಿನ್ನೆಲೆಯಲ್ಲೂ ಸ್ವಲ್ಪ ಕಾಳು ಉಳಿಸಬೇಕು. ಪೂರ್ತಿ ಒರೆಸಿಯಾಗಿದ್ದರೆ ತೆಳುವಾಗಿ ಒಂದೇ ಸಮನಾದ ಗ್ರೇನ್ ಸೇರಿಸಬೇಕು. ತೆಗೆದದ್ದನ್ನು ಮತ್ತೆ ಸೇರಿಸುವುದು ವಿಚಿತ್ರ ಎನಿಸಬಹುದು. ಆದರೆ ಹಾಗೆ ಸೇರಿಸುವುದಕ್ಕೆ ತಾಂತ್ರಿಕ ಕಾರಣವೂ ಇದೆ. ಜೆಪೆಗ್ ಚಿತ್ರದಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲುಗಳಷ್ಟೇ ಇರುವುದು. ಮುಸ್ಸಂಜೆಯ ಆಕಾಶದಲ್ಲಿ ಬಣ್ಣ ನಿಧಾನವಾಗಿ ಬದಲಾಗುವಾಗ ಆ ಮೆಟ್ಟಿಲುಗಳು ಪಟ್ಟೆ ಪಟ್ಟೆಯಾಗಿ ಕಾಣಬಹುದು. ಸ್ವಲ್ಪ ನಾಯ್ಸ್ ಇದ್ದರೆ ಅದು ಮೆಟ್ಟಿಲಿನ ಅಂಚನ್ನು ಮಸುಕು ಮಾಡಿ ಪಟ್ಟೆಯನ್ನು ಮರೆಸುತ್ತದೆ. ಅತಿಯಾಗಿ ಒರೆಸಿದ ಆಕಾಶದಲ್ಲಿ ಪಟ್ಟೆಗಳು ಎದ್ದು ಬರುತ್ತವೆ. 12 ಅಥವಾ 14 ಬಿಟ್‌ಗಳ ರಾ ಫೈಲಿನಿಂದ ಹೊರಟು, 16 ಬಿಟ್‌ನಲ್ಲಿ ಎಡಿಟ್ ಮಾಡಿ, ಕೊನೆಗೆ ಜೆಪೆಗ್ ಮಾಡುವವರಿಗೆ ಈ ಕಾಟ ಕಡಿಮೆ.

ಎಷ್ಟು ದೊಡ್ಡದು ಮಾಡಿ ನೋಡುತ್ತೀರಿ ಎನ್ನುವುದೂ ಮುಖ್ಯ. ಶೇಕಡಾ 100ಕ್ಕೆ ಹಿಗ್ಗಿಸಿ ನೋಡಿದರೆ ಎಲ್ಲ ಚಿತ್ರಗಳಲ್ಲೂ ಕಾಳು ಕಾಣುತ್ತದೆ. 6000 ಪಿಕ್ಸೆಲ್ ಅಗಲದ ಚಿತ್ರವನ್ನು ಪರದೆಗಾಗಿ 1500ಕ್ಕೆ ಇಳಿಸಿದಾಗ ಹಳೆಯ 16 ಪಿಕ್ಸೆಲ್‌ಗಳು ಸೇರಿ ಒಂದಾಗುತ್ತವೆ. ವರ್ಗಮೂಲದ ನಿಯಮದಂತೆ ಕಾಳು ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಚಿತ್ರ ಎಲ್ಲಿ, ಯಾವ ಅಳತೆಯಲ್ಲಿ ಕಾಣಬೇಕೋ ಆ ಅಳತೆಯಲ್ಲೇ ನೋಡಿ ತೀರ್ಮಾನಿಸಿದರೆ ಅರ್ಧಕ್ಕರ್ಧ ಒರೆಸುವಿಕೆ ಬೇಡವೇ ಬೇಡ ಎಂದು ಗೊತ್ತಾಗುತ್ತದೆ. ಕಾಗದದ ಮೇಲೆ ಅಚ್ಚಾದಾಗ ಕಾಳು ಇನ್ನಷ್ಟು ಅಡಗುತ್ತದೆ.

ಕರಿಚಿರತೆಯ ಪ್ರಶ್ನೆ

ಮೂರು ಪಾಲಿನ ಲೆಕ್ಕ ಸುಲಭವಾಗಿ ಕೂರದ ಚಿತ್ರಗಳೂ ಇವೆ. ಕಬಿನಿ ಹಿನ್ನೀರಿನ ಕಾಡಿನಲ್ಲಿ ಕಾಣಿಸಿಕೊಂಡು ಹೆಸರಾದ ಕರಿಚಿರತೆಯನ್ನೇ ತೆಗೆದುಕೊಳ್ಳಿ. ಸಂಜೆಯ ಸಫಾರಿ ಮುಗಿಯುವ ಹೊತ್ತಿಗೆ ಮರದ ನೆರಳಿನಲ್ಲಿ ಅದು ಕಂಡರೆ ವಸ್ತುವೂ ಕಪ್ಪು, ಬೆಳಕೂ ಕಡಿಮೆ. ಹಿಂದಿನ ಎಲೆಗಳ ಮಸುಕು ಹಸಿರನ್ನು ಧಾರಾಳವಾಗಿ ಒರೆಸಬಹುದು. ಕಣ್ಣು, ಮೀಸೆಯನ್ನು ಮುಟ್ಟದೆ ಬಿಡಬಹುದು. ಆದರೆ ಮೈ? ಕರಿಚಿರತೆ ಬೇರೆ ಜಾತಿಯ ಪ್ರಾಣಿಯೇನೂ ಅಲ್ಲ, ಮೈಯಲ್ಲಿ ಕಪ್ಪು ವರ್ಣಕ ಹೆಚ್ಚಾದ ಚಿರತೆ. ಅದರ ಕಪ್ಪಿನೊಳಗೆ ಚಿರತೆಯ ಮಚ್ಚೆಗಳು ಇದ್ದೇ ಇರುತ್ತವೆ, ಬೆಳಕು ಓರೆಯಾಗಿ ಬಿದ್ದಾಗ ಮಬ್ಬಾಗಿ ಕಾಣುತ್ತವೆ. ಚಿತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ನಾಯ್ಸ್ ಇರುವುದೂ ಅಲ್ಲೇ, ಎಲ್ಲಕ್ಕಿಂತ ಅಮೂಲ್ಯವಾದ ವಿವರ ಇರುವುದೂ ಅಲ್ಲೇ.

ಇಂಥ ಕಡೆ ಸ್ಲೈಡರಿಗಿಂತ ಸಂಯಮ ಹೆಚ್ಚು ಕೆಲಸ ಮಾಡುತ್ತದೆ. ಮೈಯ ಕಪ್ಪನ್ನು ಬಲವಂತವಾಗಿ ಬೆಳಗಿಸಬಾರದು. ಕಪ್ಪು ಕಪ್ಪಾಗಿಯೇ ಇದ್ದರೆ ಅದರೊಳಗಿನ ಕಾಳೂ ಕಾಣುವುದಿಲ್ಲ. ಬಣ್ಣದ ಮಚ್ಚೆಯನ್ನು ಪೂರ್ತಿ ತೆಗೆದು, ಕಾಳನ್ನು ಕಾಲುಭಾಗದಷ್ಟು ಇಳಿಸಿ, ಚಿರತೆಯ ಮಚ್ಚೆ ಕಾಣುವಲ್ಲಿ ಅಷ್ಟನ್ನೂ ಮಾಡದೆ ಬಿಡಬೇಕು. ಕಾಳಿನ ನಡುವೆ ನಿಜವಾದ ಮೈ ಕಾಣುವ ಚಿತ್ರಕ್ಕೆ, ಕಪ್ಪು ಪ್ಲಾಸ್ಟಿಕ್ಕಿನಂತೆ ಹೊಳೆಯುವ ಮೈಯ ಚಿತ್ರಕ್ಕಿಂತ ಹೆಚ್ಚು ಬೆಲೆ ಇದೆ. ಕಾಡಿನ ಪ್ರಾಣಿಗಳನ್ನು ಮೈಮೇಲಿನ ಗುರುತಿನಿಂದ ಬಿಡಿಬಿಡಿಯಾಗಿ ಪತ್ತೆಹಚ್ಚುವ ಸಂಶೋಧಕರಿಗಂತೂ ಆ ಮಚ್ಚೆಗಳೇ ಸರ್ವಸ್ವ.

ಕ್ಯಾಮೆರಾದಲ್ಲೇ ಮಾಡಬಹುದಾದ್ದು

ಒರೆಸುವ ಕೆಲಸ ಕಡಿಮೆಯಾಗಬೇಕಾದರೆ ಬೆಳಕನ್ನು ಮೊದಲೇ ಹೆಚ್ಚು ತೆಗೆದುಕೊಳ್ಳಬೇಕು. ಅಲುಗಾಡದ ವಸ್ತುವಾದರೆ ಟ್ರೈಪಾಡ್ ಇಟ್ಟು ಐಎಸ್‌ಒ ಇಳಿಸಿ, ಶಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು. ಹಂಪಿಯ ಮಂಟಪದ ಒಳಗೆ ಕಂಬದ ಕೆತ್ತನೆ ತೆಗೆಯುವಾಗ ಈ ದಾರಿಗೆ ಸಾಟಿಯಿಲ್ಲ. ಟ್ರೈಪಾಡಿಗೆ ಅನುಮತಿ ಬೇಕಿದ್ದರೆ ಮೊದಲೇ ಕೇಳಿ ಪಡೆಯಬೇಕು. ಒಂದೇ ದೃಶ್ಯವನ್ನು ಹಲವು ಸಲ ತೆಗೆದು, ಎಲ್ಲವನ್ನೂ ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯುವುದು ಇನ್ನೊಂದು ದಾರಿ. 16 ಚಿತ್ರಗಳನ್ನು ಸೇರಿಸಿದರೆ ನಾಯ್ಸ್ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ವಿವರ ಒಂದಿಷ್ಟೂ ಕೆಡುವುದಿಲ್ಲ. ಆಕಾಶಗಂಗೆಯ ಚಿತ್ರ ತೆಗೆಯುವವರು ನೆಚ್ಚಿಕೊಂಡಿರುವುದು ಇದನ್ನೇ.

ಮೊಬೈಲಿನ ನೈಟ್ ಮೋಡ್ ಕೂಡ ಇದನ್ನೇ ನಮ್ಮ ಕಣ್ಣಿಗೆ ಕಾಣದಂತೆ ಮಾಡುತ್ತದೆ. ಒಂದು ಸಲ ಒತ್ತಿದಾಗ ಹಲವು ಚಿತ್ರ ತೆಗೆದು, ಕೈ ನಡುಗಿದ್ದನ್ನು ಸರಿಹೊಂದಿಸಿ ಒಂದಾಗಿಸುತ್ತದೆ. ಜೊತೆಗೆ ಮೊಬೈಲ್ ತನ್ನ ಲೆಕ್ಕದಲ್ಲಿ ನಾಯ್ಸನ್ನೂ ಒರೆಸಿಬಿಡುತ್ತದೆ. ಮಂದ ಬೆಳಕಿನಲ್ಲಿ ತೆಗೆದ ಅಜ್ಜಿಯ ಮುಖದಲ್ಲಿ ಸುಕ್ಕುಗಳೇ ಇಲ್ಲದಿರುವುದು, ಮರದ ಎಲೆಗಳು ಬಣ್ಣ ಮೆತ್ತಿದಂತೆ ಕಾಣುವುದು ಇದರಿಂದಲೇ. ಈಗ ಅನೇಕ ಮೊಬೈಲುಗಳಲ್ಲಿ ರಾ ಫೈಲ್ ತೆಗೆಯುವ ಸೌಲಭ್ಯವಿದೆ. ಮನೆಯ ಹಿರಿಯರ, ಹಳೆಯ ಕಾಗದಪತ್ರಗಳ, ಮದುವೆ ಮುಂಜಿಯ ಮುಖ್ಯ ಚಿತ್ರಗಳಿಗಾದರೂ ಅದನ್ನು ಬಳಸಿಕೊಳ್ಳಬೇಕು. ಆಗ ಎಲ್ಲಿ ಒರೆಸಬೇಕೆಂಬ ತೀರ್ಮಾನ ಮೊಬೈಲ್ ತಯಾರಿಸಿದವರ ಕೈಯಿಂದ ನಮ್ಮ ಕೈಗೆ ಬರುತ್ತದೆ.

ಸತ್ಯದ ಗೆರೆ

ನಾಯ್ಸ್ ತೆಗೆಯುವುದು ಚಿತ್ರವನ್ನು ತಿರುಚಿದಂತೆಯೇ ಎಂದು ಕೇಳುವವರಿದ್ದಾರೆ. ಫಿಯಾಪ್, ಪಿಎಸ್‌ಎ ಮುಂತಾದ ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ನಿಸರ್ಗ ಛಾಯಾಗ್ರಹಣಕ್ಕೆ ಇಟ್ಟುಕೊಂಡಿರುವ ವ್ಯಾಖ್ಯೆ ಬಹಳ ಬಿಗಿಯಾದದ್ದು. ಇರುವ ಕಡ್ಡಿಯನ್ನು ತೆಗೆಯುವಂತಿಲ್ಲ, ಇಲ್ಲದ ಎಲೆಯನ್ನು ಸೇರಿಸುವಂತಿಲ್ಲ. ಆದರೆ ಸೆನ್ಸರಿನ ಧೂಳು, ಡಿಜಿಟಲ್ ನಾಯ್ಸ್ ಇವು ಕ್ಯಾಮೆರಾ ಸೇರಿಸಿದ ಅಂಶಗಳಾದ್ದರಿಂದ ತೆಗೆಯಬಹುದು ಎಂದು ಅದೇ ವ್ಯಾಖ್ಯೆ ಒಪ್ಪುತ್ತದೆ. ಇದು ನ್ಯಾಯವಾದ ಗೆರೆ. ದೃಶ್ಯದಲ್ಲಿ ಇಲ್ಲದ್ದನ್ನು ತೆಗೆದರೆ ದೃಶ್ಯಕ್ಕೆ ಅನ್ಯಾಯವಾಗುವುದಿಲ್ಲ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಗೆರೆಯ ಹತ್ತಿರ ಹೆಚ್ಚು ಎಚ್ಚರ ಬೇಕಾಗಿದೆ. ಕಲಿತ ತಂತ್ರಾಂಶ ಒರೆಸುವುದರ ಜೊತೆಗೆ ತುಂಬಿಸುತ್ತದೆ ಕೂಡ. ಕಾಳಿನ ಕೆಳಗೆ ಗರಿ ಇದ್ದಂತಿದೆ ಅನ್ನಿಸಿದರೆ ತಾನು ಕಲಿತ ಗರಿಯ ರೂಪವನ್ನು ಅಲ್ಲಿ ಬರೆಯಬಹುದು. ದೂರದ ಬೋರ್ಡಿನ ಅಕ್ಷರ, ಗುಂಪಿನಲ್ಲಿ ನಿಂತವರ ಚಿಕ್ಕ ಮುಖ, ಶಾಸನದ ಸವೆದ ಸಾಲು ಇಂಥ ಕಡೆಗಳಲ್ಲಿ ಅದು ಬರೆದದ್ದು ನೋಡಲು ಚೆಂದವಿದ್ದು ನಿಜವಲ್ಲದಿರಬಹುದು. ಸವೆದ ಅಕ್ಷರವೊಂದು ಸ್ಪಷ್ಟವಾದ ಬೇರೆ ಅಕ್ಷರವಾಗಿ ಕಂಡರೆ ಅದನ್ನು ಓದುವ ಇತಿಹಾಸಕಾರರ ಗತಿಯೇನು? ಸುದ್ದಿಚಿತ್ರ, ದಾಖಲೆಯ ಚಿತ್ರ, ಸಂಶೋಧನೆಯ ಚಿತ್ರಗಳಲ್ಲಿ ಮುಖ, ಅಕ್ಷರ, ಗುರುತುಗಳಿರುವ ಜಾಗವನ್ನು ಮಾಸ್ಕ್ ಹಾಕಿ ಇಂಥ ತಂತ್ರಾಂಶದಿಂದ ಹೊರಗಿಡಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿ ಕಾಳು ಇದ್ದರೆ ಇರಲಿ. ಇಲ್ಲಿಯವರೆಗೆ ಸರಿಯಾಗಿ ಕಂಡಿತು, ಇಲ್ಲಿಂದ ಆಚೆ ಕಾಣಲಿಲ್ಲ ಎಂದು ಕಾಳು ಪ್ರಾಮಾಣಿಕವಾಗಿ ಹೇಳುತ್ತದೆ.

ಕೊನೆಯದಾಗಿ, ರಾ ಫೈಲನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಹತ್ತು ವರ್ಷದ ಹಿಂದೆ ಕೈಬಿಟ್ಟಿದ್ದ ಚಿತ್ರಗಳನ್ನು ಇಂದಿನ ತಂತ್ರಾಂಶಗಳಲ್ಲಿ ತೆರೆದು ಅಚ್ಚರಿಪಟ್ಟವರು ಅನೇಕರು. ಇಂದು ಒರೆಸಲಾಗದ ನಾಯ್ಸನ್ನು ನಾಳೆ ಇನ್ನೂ ಚೆನ್ನಾಗಿ ಒರೆಸಬಹುದು. ಆದರೆ ಇಂದು ಅತಿಯಾಗಿ ಒರೆಸಿ ಜೆಪೆಗ್ ಮಾತ್ರ ಉಳಿಸಿಕೊಂಡ ಚಿತ್ರದಿಂದ ಹೋದ ವಿವರವನ್ನು ಯಾವ ಕಾಲದ ತಂತ್ರಾಂಶವೂ ಮರಳಿ ಕೊಡಲಾರದು. ಕೊಟ್ಟಂತೆ ಕಂಡರೆ ಅದು ಅದರ ಕಲ್ಪನೆ ಅಷ್ಟೇ. ಒರೆಸಬೇಕೋ ಬೇಡವೋ ಎಂಬ ಅನುಮಾನ ಬಂದ ಜಾಗವನ್ನು ಹಾಗೆಯೇ ಬಿಟ್ಟುಬಿಡಿ.